ಬಡಿದು ನೋಡುತ್ತಿದ್ದ ಕಾಕಾ

ಕಾಕಾನ ಬಲಗೈ ನಡುಬೆರಳಿನ ಗೆಣ್ಣಿನ ಮೇಲೆ ಚರ್ಮ ಜಡ್ಡುಗಟ್ಟಿ ಕಡಲೆಕಾಳಿನಷ್ಟು ಉಬ್ಬಿತ್ತು. ಮೂವತ್ತೈದು ವರ್ಷ ಪಿಂಗಾಣಿ ಬಡಿದ ಗುರುತು ಅದು.

ಖಾನಾಪುರದ ನಮ್ಮ ಸರಕಾರಿ ಕಾರ್ಖಾನೆಯಲ್ಲಿ ಇನ್ಸುಲೇಟರ್ ತಯಾರಾಗುತ್ತಿದ್ದವು. ಅಂದರೆ ಕರೆಂಟಿನ ಕಂಬದ ಮೇಲೆ ತಂತಿ ಹಿಡಿದು ಕೂರುವ ಪಿಂಗಾಣಿ ಬಟ್ಟಲು. ದೇಶದಲ್ಲಿ ಸಮಾಜವಾದ ಕಟ್ಟುವ ಮಹತ್ಕಾರ್ಯದಲ್ಲಿ ದಿಲ್ಲಿಯವರ ಪಾಲಿಗೆ ಭಾಷಣ ಬಂತು, ಮತ್ತೆ ಕೆಲವರ ಪಾಲಿಗೆ ಉಕ್ಕು, ಅಣೆಕಟ್ಟು ಬಂದವು. ಒಳ್ಳೆಯ ಮಣ್ಣಿದ್ದ ತಪ್ಪಿಗೆ ನಮಗೆ ಈ ಬಟ್ಟಲು ಬಂತು. ಪಾರಿಶ್ವಾಡದ ಒಕ್ಕಲುಮನೆಯ ಕಾಕಾ ಮೊದಲನೆಯ ಭಟ್ಟಿಗೆ ಇಟ್ಟಂಗಿ ಹೊತ್ತು, ಮುಂದೆ ತಪಾಸಣೆ ವಿಭಾಗದ ಫೋರ್‌ಮನ್ ಆದರು. ನಾನು ಅವರ ಕೈಕೆಳಗಿನವನು. ಹಸಿರು ಶಾಯಿಯ 'ಪಾಸ್' ಸೀಲು ನನ್ನ ವಶದಲ್ಲಿತ್ತು.

ಮಶೀನಿನ ಪರೀಕ್ಷೆ ಆಮೇಲೆ. ಮೊದಲು ಕಾಕಾನ ಗೆಣ್ಣು. ಬಡಿದರೆ 'ಠಣ್' ಅನ್ನಬೇಕು. ಒಳಗೆ ಬಿರುಕಿದ್ದರೆ 'ದಬ್' ಅನ್ನುತ್ತದೆ. ಅಂಥದ್ದನ್ನು ಅವತ್ತೇ ಸುತ್ತಿಗೆಯಿಂದ ಒಡೆಯಬೇಕು. ನಾಳೆಯ ತನಕ ಇಟ್ಟರೆ ಮನಸ್ಸು ಬದಲಾದೀತು ಎಂಬುದು ಅವರ ಶಾಸ್ತ್ರ.

ಈ ಶಾಸ್ತ್ರ ಗೇಟಿನಾಚೆಗೂ ನಡೆಯುತ್ತಿತ್ತು. ಚಹಾದಂಗಡಿಯವ ಅವರ ಮುಂದೆ ಮೊದಲು ಖಾಲಿ ಕಪ್ಪು ಇಡಬೇಕು. ಅದನ್ನು ಬಡಿದ ಮೇಲೆಯೇ ಚಹಾ.

"ಕಾಕಾ, ಚಾ ಕುಡಿಯಾಕ ಬಂದೀರೋ, ಕಪ್ ಖರೀದಿ ಮಾಡಾಕ ಬಂದೀರೋ?"

"ನಿನ್ನ ಚಾ ಯಾವಾಗೋ ಫೇಲ್ ಆಗೇತಿ. ಕಪ್ಪರ ಪಾಸ್ ಆಗ್ಲಿ ಬಿಡೋ."

ಎರಡು ಸಾವಿರದ ಸುಮಾರಿಗೆ ಸಮಾಜವಾದ ಸಾಕೆಂದು ಸರಕಾರಕ್ಕೆ ಜ್ಞಾನೋದಯವಾಯಿತು. ಕಾರ್ಖಾನೆ ಮುಚ್ಚುವ ಮಾತು ಬಂತು. ಕೈಯಲ್ಲಿದ್ದದ್ದು ಒಂದೇ ಆರ್ಡರು. ಅದರ ಮಾಲು ಪೂರ್ತಿ, ವೇಳೆಗೆ ಸರಿಯಾಗಿ ಹೋದರೆ ಇನ್ನೊಂದು ವರ್ಷ ಜೀವ ಹಿಡಿಯಬಹುದೆಂದು ಮ್ಯಾನೇಜರ್ ಸಾಹೇಬರು ಎಲ್ಲರನ್ನೂ ನಿಲ್ಲಿಸಿ ಹೇಳಿದರು. ಭಟ್ಟಿಗೆ ವಯಸ್ಸಾಗಿತ್ತು. ಹೊರಬಂದ ಮಾಲಿನಲ್ಲಿ ಮೂರಕ್ಕೊಂದು 'ದಬ್' ಅಂದಿತು.

"ಒಂದ್ ಸಲ ಕಿವಿ ಮುಚ್ಚಿಕೋರಿ," ಅಂದರು ಸಾಹೇಬರು.

"ನಾ ಮುಚ್ಚಿಕೊಂತೀನ್ರಿ. ಆದ್ರ ಲೋಂಡಾ ಅಡವಿ ಮಳಿ ಮುಂದ ಶಿಫಾರಸು ನಡಿಯೂದಿಲ್ರೀ ಸಾಹೇಬ್ರ. ಬಿರುಕಿನ್ಯಾಗ ನೀರು ಹೊಕ್ತಂದ್ರ ಕಂಬ ಮುಟ್ಟಿದಾವ ಸತ್ತ."

ಕಾಕಾ ಊಟಕ್ಕೆ ಹೋದಾಗ ಸಾಹೇಬರು ನನ್ನನ್ನು ಕರೆಸಿದರು. ಬೈಯಲಿಲ್ಲ, ಹೆದರಿಸಲಿಲ್ಲ. ಕುರ್ಚಿ ತೋರಿಸಿ "ಕುಂದರ್ರಿ" ಅಂದರು. ಹದಿನೆಂಟು ವರ್ಷದ ಚಾಕರಿಯಲ್ಲಿ ಅದು ಮೊದಲನೆಯ ಕುರ್ಚಿ. ನನಗೆ ಅಷ್ಟು ಸಾಕಾಯಿತು. ವಾಪಸು ಬಂದು, ಒಡೆಯಲೆಂದು ಬೇರೆ ಇಟ್ಟಿದ್ದ ಮಾಲಿಗೆಲ್ಲ ಹಸಿರು ಸೀಲು ಒತ್ತಿದೆ. ಏನೂ ಅನ್ನಿಸಲಿಲ್ಲ. ಅನ್ನಿಸಬೇಕಿತ್ತು ಎಂದು ಮಾತ್ರ ಅನ್ನಿಸಿತು.

ಊಟ ಮುಗಿಸಿ ಬಂದ ಕಾಕಾ ಒಂದನ್ನು ಎತ್ತಿ ತಿರುಗಿಸಿ ನೋಡಿದರು.

"ಸೀಲು ಚಲೋ ಬಿದ್ದಾವು," ಅಂದರು.

ಸುತ್ತಿಗೆ ತೆಗೆದುಕೊಂಡು ಒಂದೊಂದಾಗಿ ಒಡೆಯುತ್ತ ಹೋದರು. ಕೊನೆಯದೊಂದನ್ನು ನನ್ನ ಮುಂದಿಟ್ಟು ಸುತ್ತಿಗೆಯನ್ನು ಕೈಗೆ ಕೊಟ್ಟರು. ಒಡೆದೆ.

ಮಾಲು ಕಡಿಮೆ ಬಿತ್ತು, ಆರ್ಡರು ರದ್ದಾಯಿತು, ಗೇಟಿಗೆ ಬೀಗ ಬಿತ್ತು. "ಒಬ್ಬನ ಕಿವಿ ಸಲುವಾಗಿ ಇಷ್ಟೂ ಮಂದಿ ಅನ್ನ ಹೋತು" ಎಂದು ಹಳೆಯ ಕೆಲಸಗಾರರು ಚಹಾದಂಗಡಿಯಲ್ಲಿ ಕಾಕಾನ ಬೆನ್ನಿಗೆ ಕೇಳುವ ಹಾಗೆ ಆಡಿದರು. ಮುಂದೆ ಕಾಕಾನ ಜೊತೆ ಮಾತನ್ನೇ ಬಿಟ್ಟರು. ಅಂಥ ಮಾತು ನಡೆದಾಗ ನಾನೂ ಅಲ್ಲೇ ಕೂತು ಚಹಾ ಕುಡಿಯುತ್ತಿದ್ದೆ. ನನ್ನ ಸೀಲಿನ ಸಂಗತಿಯನ್ನು ಕಾಕಾ ಯಾರೆದುರಿಗೂ ಎತ್ತಲಿಲ್ಲ; ನನ್ನೆದುರಿಗೂ.

ಮೂರು ವರ್ಷದ ಮೇಲೆ ಕಾಕಾನ ಕೆಮ್ಮು ಜೋರಾಯಿತು. ಬೆಳಗಾವಿಗೆ, ನೆಹರು ನಗರದ ದೊಡ್ಡ ದವಾಖಾನೆಗೆ ನಾನೇ ಕರೆದುಕೊಂಡು ಹೋದೆ. ಡಾಕ್ಟರು ಅಂಗಿ ಬಿಚ್ಚಿಸಿ, ಬೆನ್ನ ಮೇಲೆ ಎಡಗೈ ಬೆರಳಿಟ್ಟು, ಬಲಗೈ ನಡುಬೆರಳಿನಿಂದ ಅದರ ಮೇಲೆ ಬಡಿಯತೊಡಗಿದರು. ಕಾಕಾನ ಮುಖ ಅರಳಿತು.

"ನೀವು ನಮ್ಮ ಖಾತೆಯವರ ಅದೀರಲ್ರೀ!"

ಬಲಗಡೆ ದನಿ ಚೆನ್ನಾಗಿ ಬಂತು. ಎಡಗಡೆ ಕೆಳಗೆ, ದಬ್. ಡಾಕ್ಟರು ಮತ್ತೊಮ್ಮೆ ಬಡಿದರು. ಮತ್ತೆ ಅದೇ. ಕಾಕಾ ನನ್ನ ಕಡೆ ನೋಡಿದರು.

"ಕೇಳಿಸ್ತೇನೋ ತಮ್ಮಾ?"

"ಏನಿಲ್ರೀ ಕಾಕಾ. ಎಲ್ಲಾ ಚಲೋ ಐತಿ."

"ಸುಳ್ಳ ಸೀಲು ಹೊಡಿಬ್ಯಾಡ," ಅಂದು ಅಂಗಿಯ ಗುಂಡಿ ಹಾಕಿಕೊಂಡರು.

ಎರಡು ತಿಂಗಳಿಗೆ ತೀರಿಕೊಂಡರು. ಮಣ್ಣಿಗೆ ಕಾರ್ಖಾನೆಯವರು ನನ್ನ ಹೊರತು ಯಾರೂ ಬರಲಿಲ್ಲ. ನನಗೆ ಅಳು ಬರಲಿಲ್ಲ. ಮರಳುವಾಗ ಚಹಾದಂಗಡಿಯಲ್ಲಿ ಹಳಬರು ನಾಲ್ಕು ಮಂದಿ ಕೂತಿದ್ದರು. ಆವತ್ತಿನ ಒಡಕು ಮಾಲಿಗೆ ಪಾಸ್ ಸೀಲು ಹೊಡೆದವನು ನಾನು, ಕಾಕಾ ಅದನ್ನು ಮುಚ್ಚಿಟ್ಟರು ಎಂದು ನಿಂತೇ ಹೇಳಿದೆ. ಅಂಗಡಿಯವ ನನ್ನ ಮುಂದೆ ಖಾಲಿ ಕಪ್ಪೊಂದನ್ನು ತಂದಿಟ್ಟು, ಕಿಟ್ಲಿ ಹಿಡಿದು ಕಾಯುತ್ತ ನಿಂತ.

ಬಡಿದೆ. ಠಣ್ ಅಂದಿತು. ಅವನು ಚಹಾ ಹಾಕಿದ.

ಚಹಾ ಎಂದಿನ ಹಾಗೆ ಫೇಲಾಗಿತ್ತು.