ಯಲ್ಲಾರಿಯ ಬಲಗೈಗೆ ಪಾಲುದಾರರು

ಘೋಡಗೇರಿಯ ಯಲ್ಲಾರಿ ಕುರಿ ಕಾಯುವ ಮನೆತನದವನು. ಕುರಿಗಳನ್ನು ತಮ್ಮನಿಗೆ ಬಿಟ್ಟು ಸಕ್ಕರೆ ಕಾರ್ಖಾನೆಯ ಗೋದಾಮು ಸೇರಿದ. ಇಪ್ಪತ್ತೆರಡು ವರ್ಷ ಚೀಲ ಹೊತ್ತ. ಹೋದ ವರ್ಷ ಆಳೆತ್ತರಕ್ಕೆ ಒಟ್ಟಿದ್ದ ಚೀಲಗಳು ಜರಿದು ಭುಜದ ಮೇಲೆ ಬಿದ್ದವು. ಬಲಗೈ ಸೊಂಟದಿಂದ ಮೇಲೆ ಏಳದಾಯಿತು. ಸರಕಾರಿ ವೈದ್ಯರು ನೂರಕ್ಕೆ ನಲವತ್ತು ಶಾಶ್ವತ ಊನ ಎಂದು ಬರೆದುಕೊಟ್ಟರು. ಪರಿಹಾರ ಸಿಗಬೇಕಾದದ್ದು ಅದರ ಮೇಲೆಯೇ.

ಹಣ ಕೊಡಬೇಕಾದ ಕಾರ್ಖಾನೆಯ ವಿಮಾ ಕಂಪನಿಗೆ ಅದು ನುಂಗಲಾರದ ತುತ್ತು. ತನ್ನದೇ ಡಾಕ್ಟರೊಬ್ಬನನ್ನು ಕರೆಸಿತು. ಆ ಮಹಾನುಭಾವ ಭುಜವನ್ನು ಮುಟ್ಟಿ ಸಹ ನೋಡಲಿಲ್ಲ. ಅದೇ ತೋಳಿನ ಮೇಲಿನ ಹಳೆಯ ಬರೆಯನ್ನು ಕಂಡು ನಿಧಿ ಸಿಕ್ಕವನಂತೆ ಹಿಗ್ಗಿದ. ಐದನೇ ವಯಸ್ಸಿನಲ್ಲಿ ಕಾಮಾಲೆಯಾದಾಗ ಯಲ್ಲಾರಿಯ ತಾಯಿ ಮಾಯವ್ವ ಕಾದ ಕಬ್ಬಿಣದಿಂದ ಎಳೆದದ್ದು ಅದು. ಆ ಕಡೆ ಹಳಬರ ತೋಳುಗಳನ್ನು ನೋಡಿದರೆ ಅಂಥ ಗೆರೆಗಳು ಬೇಕಾದಷ್ಟು. ‘ಊನದಲ್ಲಿ ಅರ್ಧ ಪಾಲು ಹಳೆಯ ಸುಟ್ಟ ಗಾಯದ್ದು’ ಎಂದು ಗೀಚಿ ಎದ್ದು ಹೋದ. ಇವನು ಕಲಿತದ್ದು ವೈದ್ಯವೋ, ಅಣ್ಣತಮ್ಮಂದಿರ ಹೊಲ ಹಂಚುವುದೋ!

ಯಲ್ಲಾರಿಗೆ ನಿಜವಾಗಿ ಹೊಟ್ಟೆ ಉರಿದದ್ದು ಮನೆಯಲ್ಲಿ. ವರದಿಯ ಸುದ್ದಿ ಕೇಳಿದ ಮಾಯವ್ವ ಊಟ ಬಿಟ್ಟಳು.

“ನಾನ ನಿನ್ನ ಕೈ ಕೆಡಿಸಿದ್ನೇನೋ ಯಪ್ಪಾ?”

“ಸುಮ್ಮನ ಉಣಬೇ. ಅಂವಗೇನ್ ತಿಳಿತೈತಿ, ಮಣ್ಣು!”

ಪರಿಹಾರದ ದಾವೆ ನಡೆದಿದ್ದ ಹುಕ್ಕೇರಿ ಕೋರ್ಟಿನ ವರಾಂಡದಲ್ಲಿ ಕಂಪನಿಯ ವಕೀಲ ಯಲ್ಲಾರಿಯ ಹೆಗಲ ಮೇಲೆ ಕೈ ಹಾಕಿದ.

“ಅರ್ಧಕ್ಕ ಒಪ್ಪಿ ಸಹಿ ಮಾಡಿಬಿಡಪಾ, ಇವತ್ತ ಮುಗೀತೈತಿ.”

ಸಹಿ ಮಾಡಿದರೆ ಅವ್ವನೇ ಕೈ ಕೆಡಿಸಿದಳೆಂದು ಕಾಗದದ ಮೇಲೆ ಒಪ್ಪಿದಂತೆ. ಯಲ್ಲಾರಿ ಎಡಗೈಯಿಂದ ಆ ಕೈಯನ್ನು ಸರಿಸಿ ಒಳಗೆ ನಡೆದ.

ವಕೀಲ ಬರೆಯ ವಿಷಯ ಹಿಡಿದು ಕಾಲು ತಾಸು ಕೊರೆದ. ಆಮೇಲೆ ಯಲ್ಲಾರಿ ನ್ಯಾಯಾಧೀಶರ ಕಡೆ ತಿರುಗಿದ.

“ಸಾಹೇಬ್ರ, ಕೆಲಸಕ್ಕ ತಗೊಂಡ ದಿನಾನೂ ಈ ಬರಿ ಇತ್ರಿ. ಇಪ್ಪತ್ತೆರಡು ವರ್ಷ ಇದ ಕೈಲೆ ಚೀಲ ಎತ್ತಿಸ್ಯಾರ. ‘ನಿಂದು ಅರ್ಧಾ ಕೈ ಐತಿ, ಅರ್ಧಾ ಚೀಲ ಹೊರು’ ಅಂತ ಒಂದ್ ದಿನಾರ ಅಂದಾರೇನ್ ಕೇಳ್ರಿ.”

ವಕೀಲ ಫೈಲಿನ ಹಾಳೆ ಮಗುಚತೊಡಗಿದ.

ತಿಂಗಳ ನಂತರ ತೀರ್ಪು ಬಂತು: ನೂರಕ್ಕೆ ನಲವತ್ತೂ ಕಾರ್ಖಾನೆಯ ಕೆಲಸದಿಂದಲೇ ಆದದ್ದು. ಮಾಯವ್ವ ಕೋರ್ಟಿನ ವರಾಂಡದಲ್ಲೇ ಆ ಸಾಲನ್ನು ಎರಡು ಸಲ ಓದಿಸಿ ಕೇಳಿದಳು. ನಾಚಿಕೆಗೆಟ್ಟ ವಕೀಲ ಹೊರಗೆ ಬಂದು, “ಒಳ್ಳೇದಾತಲ್ಲ?” ಎಂದು ಹಲ್ಲು ಕಿರಿದು ನಮಸ್ಕಾರಕ್ಕಾಗಿ ಕಾದು ನಿಂತ. ಯಲ್ಲಾರಿಗೆ ಕೈ ಮುಗಿಯಲು ಬಲಗೈ ಏಳುತ್ತಿರಲಿಲ್ಲ. ಎದ್ದಿದ್ದರೂ ಮುಗಿಯುತ್ತಿರಲಿಲ್ಲ.