ಗೊತ್ತಿಲ್ಲ ಎಂಬುದರ ಅರ್ಥಗಾರಿಕೆ

ನಿವೃತ್ತನಾದ ಇಂಗ್ಲಿಷ್ ಮಾಸ್ತರನಿಗೆ ಸರಕಾರ ಪಿಂಚಣಿ ಕೊಡುತ್ತದೆ, ಊರು ಕೆಲಸ ಕೊಡುತ್ತದೆ. ಶಿರಸಿಯಲ್ಲಿ ನನ್ನ ಪಾಲಿಗೆ ಬಂದ ಕೆಲಸವೆಂದರೆ ಇಂಗ್ಲಿಷಿನ ನುಡಿಗಟ್ಟುಗಳು ಎಲ್ಲಿ ಹುಟ್ಟಿದವು ಎಂದು ಹೇಳುವುದು. ಈ ಹುದ್ದೆಗೆ ನನ್ನನ್ನು ನೇಮಿಸಿದವರು ಯಾರೋ ತಿಳಿಯದು. ಕ್ಷೌರದಂಗಡಿಯಲ್ಲಿ ಗಲ್ಲಕ್ಕೆ ಸಾಬೂನು ಹಚ್ಚಿಸಿಕೊಂಡು ಕೂತಾಗ, ಮದುವೆಮನೆಯ ಎರಡನೇ ಪಂಕ್ತಿಯಲ್ಲಿ ಸಾರನ್ನಕ್ಕೆ ಕೈಹಾಕಿದಾಗ, ಒಮ್ಮೆ ಹಲ್ಲಿನ ವೈದ್ಯರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಬಿದ್ದಿದ್ದಾಗಲೂ ಈ ಪ್ರಶ್ನೆ ಬಂದಿದೆ. ಸತ್ತವನನ್ನು ಬಕೆಟ್ ಒದ್ದ ಅನ್ನುತ್ತಾರಲ್ಲ, ಯಾಕೆ? ಮಳೆ ಜೋರಾದರೆ ಬೆಕ್ಕು ನಾಯಿ ಸುರಿಯಿತು ಅನ್ನುತ್ತಾರಲ್ಲ, ಯಾಕೆ?

ಕೇಳುವವರಿಗೆ ಬೇಕಾದದ್ದು ಕಥೆ. ನಿಜ ಸಂಗತಿಯೆಂದರೆ, ಇಂಥ ಎಷ್ಟೋ ಮಾತುಗಳ ಹುಟ್ಟು ಯಾರಿಗೂ ಸರಿಯಾಗಿ ಗೊತ್ತಿಲ್ಲ. ಪಂಡಿತರು ಹಳೆಯ ಪುಸ್ತಕ ಕೆದಕಿ ಇಂಥ ಕಾಲದಲ್ಲಿ ಈ ಮಾತು ಇತ್ತು ಅನ್ನಬಲ್ಲರು. ಯಾಕೆ ಬಂತು ಅನ್ನುವಲ್ಲಿ ಕೆಮ್ಮುತ್ತಾರೆ. ನಾನೂ ಕೆಮ್ಮಿದರೆ, ಕೇಳಿದವರು ನನ್ನ ಪಿಂಚಣಿಯನ್ನು ತಮ್ಮ ಕಿಸೆಯಿಂದ ಕೊಡುತ್ತಿರುವವರಂತೆ ನೋಡುತ್ತಾರೆ. ಇಷ್ಟು ವರ್ಷ ಕೆಮ್ಮಿ ಕೆಮ್ಮಿ ನನಗೆ ಸಾಕಾಗಿತ್ತು.

ಹೀಗಿರುವಾಗ ಒಂದು ಸಂಜೆ ಸಿದ್ದಾಪುರ ರಸ್ತೆಯ ಒಂದು ಹೈಸ್ಕೂಲಿನ ಆಡಳಿತ ಮಂಡಳಿಯ ಅಧ್ಯಕ್ಷರ ಫೋನು ಬಂತು. ಅವರ ಶಾಲೆಗೆ ಇಂಗ್ಲಿಷ್ ಶಿಕ್ಷಕರೊಬ್ಬರನ್ನು ಖಾಯಂ ಮಾಡಿಕೊಳ್ಳುವುದಿತ್ತು. ಸಂದರ್ಶನದಲ್ಲಿ ತಜ್ಞರೆಂದು ಒಬ್ಬರು ಕೂರಬೇಕು ಎಂದು ನಿಯಮವಂತೆ.

‘ಮಾಸ್ತರೇ, ನಾಳೆ ನಿಂಗ ಬರವು. ಮಾತಾಡದೆಲ್ಲ ಆನು ನೋಡ್ಕತ್ತೆ. ನಿಂಗ ಕೂತ್ಕಂಡು ತಲೆ ಆಡ್ಸಿದ್ರೆ ಸಾಕು’ ಎಂದರು.

ತಲೆ ಆಡಿಸುವ ತಜ್ಞತೆ ನನ್ನಲ್ಲಿ ಇನ್ನೂ ಉಳಿದಿತ್ತಾದ್ದರಿಂದ ಒಪ್ಪಿದೆ.

ಮರುದಿನ ಬಸ್ಸಿನಲ್ಲಿ ನನ್ನ ಪಕ್ಕ ಒಬ್ಬ ಹೆಂಗಸು ಬಂದು ಕೂತಳು. ಮೂವತ್ತು ದಾಟಿರಬೇಕು. ತೊಡೆಯ ಮೇಲೆ ಪ್ಲಾಸ್ಟಿಕ್ಕಿನ ಫೈಲು, ಅದರ ಮೇಲೆ ಎರಡೂ ಕೈ. ಸಂದರ್ಶನಕ್ಕೆ ಹೋಗುವವರು ಹೀಗೇ ಕೂರುವುದು. ಮಾತು ತೆಗೆದವಳು ಅವಳೇ. ಹೆದರಿಕೆಯಾದಾಗ ಕೆಲವರಿಗೆ ಮಾತು ಬರುತ್ತದೆ. ಯಲ್ಲಾಪುರದ ಕಡೆ ಅತಿಥಿ ಶಿಕ್ಷಕಿಯಂತೆ. ಈ ಅತಿಥಿಗೆ ಮಾರ್ಚಿನಲ್ಲಿ ವಿದಾಯ, ಜೂನಿನಲ್ಲಿ ಮತ್ತೆ ಯಾರದೋ ಬಾಗಿಲಲ್ಲಿ ನಿಲ್ಲುವುದು. ಗಂಡ ತೀರಿಕೊಂಡಿದ್ದ. ಬಾಡಿಗೆಗೆ ಒಂದು ಕೋಣೆ ಹಿಡಿಯಲೂ ಧೈರ್ಯ ಸಾಲದೆ ಮಗಳನ್ನು ಅರಬೈಲ್ ಘಟ್ಟದ ಕೆಳಗೆ ತಾಯಿಯ ಹತ್ತಿರ ಬಿಟ್ಟಿದ್ದಳು. ಇದು ಸಿಕ್ಕರೆ ಮಗಳನ್ನು ಕರೆದುಕೊಂಡು ಬರುತ್ತಾಳೆ. ಸಿಗದಿದ್ದರೆ ಶಿರಸಿಯ ಬಟ್ಟೆ ಅಂಗಡಿಯೊಂದರಲ್ಲಿ ಸೇಲ್ಸಿಗೆ ಸೇರುವುದೆಂದು ಮಾತಾಗಿತ್ತು. ಅದಕ್ಕೂ ಮಗಳಿಗೂ ಕೂಡಿಬರುವುದಿಲ್ಲ, ಅಂಗಡಿ ಬಾಗಿಲು ಹಾಕುವಾಗ ರಾತ್ರಿಯಾಗುತ್ತದೆ ಎಂದಳು. ನಾನು ಯಾರೆಂದು ಆಗ ಹೇಳಿದೆ. ಅವಳು ತಟ್ಟನೆ ಫೈಲು ತೆರೆದು ಅದರೊಳಗೇ ಮುಖ ಹುದುಗಿಸಿದಳು. ಇಳಿಯುವಾಗ ಮಾತ್ರ ನನ್ನ ಕೊಡೆ ಎತ್ತಿ ಕೊಟ್ಟು, ಅದೂ ತಪ್ಪಾಯಿತೇನೋ ಎಂಬಂತೆ ನೋಡಿದಳು.

ಅಧ್ಯಕ್ಷರಿಗೆ ಈ ವಿಷಯ ತಿಳಿಸುವುದು ಧರ್ಮವೆಂದು ತಿಳಿಸಿದೆ. ಈ ತಾಲ್ಲೂಕಿನಲ್ಲಿ ಬಸ್ಸು ಇರುವುದೇ ಕೆಲವು, ಎಲ್ಲರೂ ಎಲ್ಲರ ಪಕ್ಕ ಕೂತವರೇ ಎಂದು ಅವರು ಆ ಆಕ್ಷೇಪವನ್ನು ತಳ್ಳಿಹಾಕಿದರು.

ಅಧ್ಯಕ್ಷರ ಬಗ್ಗೆ ಒಂದು ಮಾತು ಹೇಳಬೇಕು. ಅವರು ತೋಟಸ್ಥರು, ಆದರೆ ಹೆಸರು ಮಾಡಿದ್ದು ತಾಳಮದ್ದಳೆಯಲ್ಲಿ. ವೇಷವಿಲ್ಲದೆ, ಕುಣಿತವಿಲ್ಲದೆ, ಭಾಗವತರ ಪದ ಮುಗಿದೊಡನೆ ಎದುರುಬದರು ಕೂತು ಬರೀ ಮಾತಿನಲ್ಲಿ, ಅಂದರೆ ಅರ್ಥಗಾರಿಕೆಯಲ್ಲಿ, ಯುದ್ಧ ಮಾಡುವ ಈ ಕಲೆ ನಮ್ಮ ಕಡೆಯವರ ರಕ್ತದಲ್ಲಿದೆ. ಹೀಗಾಗಿ ನಮ್ಮಲ್ಲಿ ಕೊಳವೆಬಾವಿ ಎಲ್ಲಿ ತೆಗೆಸುವುದು ಎಂಬ ಚರ್ಚೆಗೂ ಪೂರ್ವಪಕ್ಷ ಇರುತ್ತದೆ. ಅಧ್ಯಕ್ಷರು ಸಂದರ್ಶನವನ್ನೂ ತಮಗೆ ತಿಳಿದ ಕ್ರಮದಲ್ಲೇ ಏರ್ಪಡಿಸಿದ್ದರು. ಅಭ್ಯರ್ಥಿಗಳು ಇಬ್ಬರು. ಒಬ್ಬೊಬ್ಬರನ್ನೇ ಒಳಗೆ ಕರೆಯುವ ಬದಲು ಇಬ್ಬರನ್ನೂ ಎದುರುಬದರು ಬೆಂಚಿನಲ್ಲಿ ಕೂರಿಸಿ, ತಾವು ಭಾಗವತರ ಜಾಗದಲ್ಲಿ, ನಡುವೆ, ಎಲೆಯಡಿಕೆಯ ಕವಳದ ಬಟ್ಟಲಿನೊಂದಿಗೆ ಪ್ರತಿಷ್ಠಾಪನೆಗೊಂಡಿದ್ದರು. ಅವರ ಎಡಕ್ಕೆ ಕಾರ್ಯದರ್ಶಿ, ಮುಂಡಗೋಡ ಕಡೆಯಿಂದ ಬಂದು ನೆಲೆಸಿದ ಕಿರಾಣಿ ವ್ಯಾಪಾರಿ. ಬಲಕ್ಕೆ ತಲೆ ಆಡಿಸಲು ನಾನು.

ಇದು ಸಂದರ್ಶನದ ಕ್ರಮವಲ್ಲ ಎಂದು ಹೇಳಬಹುದಿತ್ತು. ಆದರೆ ಹೇಳಿದ್ದರೆ ಅದಕ್ಕೂ ಒಂದು ವಾದವಾಗುತ್ತಿತ್ತು, ನನಗೆ ಮಧ್ಯಾಹ್ನದ ಬಸ್ಸಿತ್ತು.

ವಿಷಯ ಅಧ್ಯಕ್ಷರದೇ ಆಯ್ಕೆ: ಇಂಗ್ಲಿಷ್ ನುಡಿಗಟ್ಟುಗಳ ಮೂಲ. ನಾನು ಬರುತ್ತೇನೆಂದು ನನ್ನ ಗೌರವಾರ್ಥ ಇಟ್ಟದ್ದಂತೆ. ಕಣ್ಣು ಮುಚ್ಚಿಕೊಂಡೆ.

ಎದುರು ಬೆಂಚಿನ ಯುವಕ ಪೇಟೆಯಲ್ಲಿ ಟ್ಯೂಷನ್ ನಡೆಸುವವ. ಒಳ್ಳೆಯ ಕಂಠ, ಇಸ್ತ್ರಿಯ ಅಂಗಿ. ಬೆಕ್ಕು ನಾಯಿಯ ಮಳೆಯ ಬಗ್ಗೆ ಕೇಳಿದಾಗ ತಡವರಿಸಲಿಲ್ಲ. ಹಿಂದೆ ಇಂಗ್ಲೆಂಡಿನ ಮನೆಗಳಿಗೆ ಹುಲ್ಲಿನ ಮಾಡು, ಚಳಿಗೆ ಬೆಕ್ಕು ನಾಯಿಗಳು ಅಲ್ಲಿ ಹುದುಗಿ ಮಲಗುತ್ತಿದ್ದವು, ಮಳೆ ಬಂದಾಗ ಜಾರಿ ಕೆಳಗೆ ಬೀಳುತ್ತಿದ್ದವು ಎಂದು, ಬಿದ್ದ ಸದ್ದನ್ನೂ ಸೇರಿಸಿ ವರ್ಣಿಸಿದ. ಬಕೆಟ್ ಒದೆಯುವುದಕ್ಕೆ ನೇಣು ಹಾಕಿಕೊಳ್ಳುವವನ ಕಥೆ ಹೇಳಿದ. ಬಿಳಿಯಾನೆಗೆ ಸಯಾಮಿನ ಅರಸ ಬಂದ. ಬೇಡವಾದವರಿಗೆ ಆನೆ ದಾನ ಮಾಡಿ ಸಾಕುವ ಖರ್ಚಿನಲ್ಲೇ ಮುಳುಗಿಸಿದ. ಕಾರ್ಯದರ್ಶಿ ಸಂತೋಷದಿಂದ ತೊಡೆ ತಟ್ಟಿದರು. ಅಧ್ಯಕ್ಷರು ಒಂದು ಕವಳ ಹಾಕಿಕೊಂಡು ಈಚೆ ಬೆಂಚಿನತ್ತ ತಿರುಗಿದರು, ಎದುರು ಪಾತ್ರದ ಉತ್ತರಕ್ಕೆ.

ಬಸ್ಸಿನ ಹೆಂಗಸು ಎದ್ದು ನಿಂತಳು. ‘ಸರ್, ನಾನು ಅಡಿಕೆ ಸೋಗೆಯ ಮಾಡಿನ ಮನೆಯಲ್ಲಿ ಬೆಳೆದವಳು. ಬಿಸಿಲಿದ್ದಾಗ ಬೆಕ್ಕು ಮಾಡು ಹತ್ತುತ್ತದೆ. ಮಳೆ ಬಂದರೆ ಒಲೆಯ ಬುಡಕ್ಕೆ ಬಂದು ಮಲಗುತ್ತದೆ. ನಾಯಿ ಮಾಡು ಹತ್ತಿದ್ದನ್ನು ನಾನು ನೋಡಿಲ್ಲ.’

‘ಹಂಗಾದ್ರೆ ಮೂಲ ಎಂತದು?’

‘ಗೊತ್ತಿಲ್ಲ ಸರ್.’

‘ನಿಂಗೆ ಗೊತ್ತಿಲ್ಯ, ಯಾರಿಗೂ ಗೊತ್ತಿಲ್ಯ?’

‘ಯಾರಿಗೂ ಖಚಿತವಾಗಿ ಗೊತ್ತಿಲ್ಲ. ಮಕ್ಕಳಿಗೂ ಹಾಗೇ ಹೇಳುತ್ತೇನೆ’ ಎಂದು ಕೂತಳು.

ತಾಳಮದ್ದಳೆಯಲ್ಲಿ ಗೊತ್ತಿಲ್ಲ ಎಂದವನ ಗತಿ ಏನೆಂದು ನಮ್ಮ ಕಡೆಯ ಸಣ್ಣ ಮಕ್ಕಳಿಗೂ ತಿಳಿದಿದೆ. ಅಲ್ಲಿಗೆ ಅವನ ಪಾತ್ರ ಮುಗಿಯಿತು. ಭಾಗವತರು ಮುಂದಿನ ಪದ ಎತ್ತಿಕೊಳ್ಳುತ್ತಾರೆ. ಅಧ್ಯಕ್ಷರು ನಿಜಕ್ಕೂ ಬೇಸರಪಟ್ಟರು. ಒಳ್ಳೆಯ ಖಂಡನೆ ಹೂಡಿ, ಮಂಡನೆಗೆ ಬಂದಾಗ ಶಸ್ತ್ರ ಕೆಳಗಿಟ್ಟವಳನ್ನು ನೋಡಿದ ಬೇಸರ. ಕೆಂಪು ಪಟ್ಟಿಯ ಬಗ್ಗೆ ಕೇಳಿದರು. ಅದಕ್ಕೆ ಅವಳು ಹಿಂದೆ ಸರಕಾರಿ ಕಾಗದಗಳನ್ನು ಕೆಂಪು ಪಟ್ಟಿಯಲ್ಲಿ ಕಟ್ಟಿ ಇಡುತ್ತಿದ್ದರು, ಪಟ್ಟಿ ಬಿಚ್ಚದೆ ಕೆಲಸ ಸಾಗುತ್ತಿರಲಿಲ್ಲ, ಇದಕ್ಕೆ ದಾಖಲೆ ಇದೆ ಎಂದು ಚೊಕ್ಕವಾಗಿ ಹೇಳಿದಳು. ಆದರೆ ಅಷ್ಟರಲ್ಲಿ ಯಾರೂ ಕೇಳುತ್ತಿರಲಿಲ್ಲ. ಬಿಳಿಯಾನೆಗೆ, ಕಥೆ ಇದೆ, ಅರಸ ಹಾಗೆ ಮಾಡಿದ್ದಕ್ಕೆ ಪುರಾವೆ ಸಾಲದು ಎಂದಳು. ಬಕೆಟ್ಟಿಗೆ ಮತ್ತೆ ಗೊತ್ತಿಲ್ಲ.

ಇಬ್ಬರನ್ನೂ ಜಗಲಿಗೆ ಕಳಿಸಿದರು. ಕಾರ್ಯದರ್ಶಿಗೆ ಅನುಮಾನವೇ ಇರಲಿಲ್ಲ.

‘ಹುಡುಗ್ರ ಮುಂದ ಗೊತ್ತಿಲ್ಲ ಅಂದ್ರ, ನಾಳಿಗಿ ಪಾಲಕರು ನನ್ನ ಅಂಗಡಿಗೆ ಬಂದು ನಿಲ್ತಾರ್ರಿ. ಸಕ್ರಿ ತೂಗಬೇಕೋ, ಅವರಿಗೆ ಉತ್ತರ ಕೊಡಬೇಕೋ ನಾನು?’

ಅಧ್ಯಕ್ಷರೂ ಯುವಕನ ಕಡೆಗೇ ಇದ್ದರು. ನನ್ನ ಮುಖ ನೋಡಿದರು. ಈಗ ತಲೆ ಆಡಿಸಬೇಕಾದ ಮುಹೂರ್ತ.

ಬಹಳ ದಣಿವಾಗಿತ್ತು. ಕ್ಷೌರದಂಗಡಿ, ಮದುವೆಮನೆ, ಹಲ್ಲಿನ ವೈದ್ಯರು ಎಲ್ಲ ಒಟ್ಟಿಗೇ ನೆನಪಾದರು. ಇವನನ್ನು ತೆಗೆದುಕೊಂಡರೆ ಇನ್ನು ಮೂವತ್ತು ವರ್ಷ ಸಿದ್ದಾಪುರ ರಸ್ತೆಯ ಮಕ್ಕಳೆಲ್ಲ ಮಾಡಿನಿಂದ ನಾಯಿ ಬೀಳಿಸುತ್ತ ಬೆಳೆಯುತ್ತಾರೆ, ಆಮೇಲೆ ನನ್ನನ್ನು ಹುಡುಕಿಕೊಂಡು ಬಂದು ಹೌದೋ ಅಲ್ಲವೋ ಎಂದು ಕೇಳುತ್ತಾರೆ. ಆ ಹೆಂಗಸು ಬಟ್ಟೆ ಅಂಗಡಿಯಲ್ಲಿ ಸೀರೆ ಮಡಚುತ್ತಿರುತ್ತಾಳೆ. ಇಂಗ್ಲಿಷಿನ ಪರವಾಗಿ ಮಾತಾಡಿ ಉಪಯೋಗವಿರಲಿಲ್ಲ. ಅಧ್ಯಕ್ಷರಿಗೆ ಅವರ ಭಾಷೆಯಲ್ಲೇ ಒಂದು ಪ್ರಶ್ನೆ ಹಾಕಿದೆ. ಪ್ರಸಂಗದಲ್ಲಿ ಇಲ್ಲದ್ದನ್ನು ಒಬ್ಬ ಅರ್ಥಧಾರಿ ಸೊಗಸಾಗಿ ಹೇಳಿದರೆ ನೀವು ಏನು ಕೇಳುತ್ತೀರಿ?

ಅಧ್ಯಕ್ಷರು ಎದ್ದು ಹೋಗಿ ಕವಳ ಉಗುಳಿ ಬಂದರು. ಇದನ್ನು ಅವರು ಗಂಭೀರ ಸಂದರ್ಭದಲ್ಲಿ ಮಾತ್ರ ಮಾಡುತ್ತಾರೆ.

‘ಆಧಾರ ಎಲ್ಲಿದ್ದು ಕೇಳ್ತೆ’ ಎಂದರು.

‘ಹಾಗಾದರೆ ಅವನನ್ನು ಕೇಳಿ.’

ಇಬ್ಬರನ್ನೂ ಮತ್ತೆ ಕರೆದರು. ಹುಲ್ಲಿನ ಮಾಡಿಗೆ ಆಧಾರವೇನೆಂದು ಕೇಳಿದಾಗ ಯುವಕ ಮೊಬೈಲ್ ತೆಗೆದು ತೋರಿಸಿದ. ಅದನ್ನು ಬರೆದವರಿಗೆ ಆಧಾರವೇನು ಎಂದರು. ಅವನು ಪರದೆಯನ್ನು ಮೇಲೆ ಕೆಳಗೆ ಸರಿಸಿದ, ಮತ್ತೆ ಸರಿಸಿದ. ಪಾಪ, ಒಳ್ಳೆಯ ಹುಡುಗ. ಅವನಿಗೆ ಹೇಳಿಕೊಟ್ಟವರೂ ಹೀಗೇ ಹೇಳಿಕೊಟ್ಟಿದ್ದಿರಬೇಕು.

ಅಧ್ಯಕ್ಷರು ಇತ್ತ ತಿರುಗಿದರು. ‘ತಂಗಿ, ಗೊತ್ತಿಲ್ಲೆ ಹೇಳದು ದೊಡ್ಡ ಮಾತು. ಅದನ್ನ ಇಷ್ಟು ಸಣ್ಣಕೆ ಹೇಳಿ ಕೂರಲಾಗ. ಎಂತಕ್ಕೆ ಗೊತ್ತಿಲ್ಲೆ? ಅದಕ್ಕೊಂದು ಅರ್ಥ ಹೇಳು.’

ಅವಳು ಒಮ್ಮೆ ನನ್ನತ್ತ ನೋಡಿದಳು. ನಾನು ಕರಾರಿನ ಪ್ರಕಾರ ತಲೆ ಆಡಿಸಿದೆ. ಆಮೇಲೆ ಅವಳು ಎದ್ದು, ಫೈಲನ್ನು ಬೆಂಚಿನ ಮೇಲಿಟ್ಟು, ಕರಿಹಲಗೆಯ ಹತ್ತಿರ ಹೋಗಿ ಬೆಕ್ಕು ನಾಯಿಯ ಮಳೆಯನ್ನೇ ಎತ್ತಿಕೊಂಡಳು. ಗಾಳಿಮಳೆಯ ದೇವರ ಜೊತೆ ನಾಯಿ ಇರುತ್ತಿತ್ತು ಎಂದು ಒಂದು ಊಹೆ, ಅದಕ್ಕೆ ಬೆಕ್ಕು ಹೇಗೆ ಸೇರಿತು ಎಂದು ಯಾರೂ ತೋರಿಸಿಲ್ಲ. ಜಲಪಾತಕ್ಕಿದ್ದ ಒಂದು ಹಳೆಯ ಶಬ್ದ ಸವೆದು ಹೀಗಾಯಿತು ಎಂದು ಇನ್ನೊಂದು, ಅಲ್ಲಿಂದ ಇಲ್ಲಿಗೆ ಬಂದ ದಾರಿ ಕಾಣುವುದಿಲ್ಲ. ದೊಡ್ಡ ಮಳೆಗೆ ಹಳೆಯ ಪಟ್ಟಣದ ಗಟಾರದಲ್ಲಿ ಸತ್ತ ಪ್ರಾಣಿಗಳು ತೇಲಿ ಬರುತ್ತಿದ್ದವು ಎಂದು ಮತ್ತೊಂದು. ತೇಲಿದ್ದು ನಿಜವಿದ್ದರೂ ಮಾತು ಅದರಿಂದಲೇ ಹುಟ್ಟಿತು ಎನ್ನಲು ಸಾಕ್ಷಿ ಬೇಕು. ಬರೀ ತಮಾಷೆಗೆ ಯಾರೋ ಆಡಿದ್ದು ಉಳಿದುಕೊಂಡಿರಲೂಬಹುದು. ಒಂದೊಂದನ್ನೂ ಬರೆದು, ಮಕ್ಕಳನ್ನು ಕೇಳುವ ಹಾಗೆ ನಮ್ಮನ್ನು ಕೇಳಿ, ಉತ್ತರ ಬಾರದಾಗ ಅಡ್ಡಗೆರೆ ಎಳೆದಳು. ಕಾರ್ಯದರ್ಶಿ ಜಲಪಾತದ ಪರವಾಗಿ ಸ್ವಲ್ಪ ಹೋರಾಡಿ ಸೋತರು. ಕೊನೆಗೆ ಹಲಗೆಯ ಮೇಲೆ ಅಡ್ಡಗೆರೆಗಳಷ್ಟೇ ಉಳಿದವು. ‘ಇಷ್ಟು ಹುಡುಕಿದ ಮೇಲೂ ಸಿಕ್ಕಿಲ್ಲ, ಅದಕ್ಕೇ ಗೊತ್ತಿಲ್ಲ ಅಂದೆ’ ಎಂದು ಕೈಯ ಸೀಮೆಸುಣ್ಣ ಸೆರಗಿಗೆ ಒರೆಸಿಕೊಂಡಳು.

ನನ್ನ ಮಧ್ಯಾಹ್ನದ ಬಸ್ಸು ಹೋಗಿ ಬಹಳ ಹೊತ್ತಾಗಿತ್ತು.

‘ಈಗ ಗೊತ್ತಿಲ್ಲೆ ಹೇಳಿದಂಗಾತು’ ಎಂದು ಅಧ್ಯಕ್ಷರು ಕವಳದ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡರು. ಪಾಲಕರು ಬಂದರೆ ಅಂಗಡಿಯಲ್ಲಿ ಒಂದು ಕರಿಹಲಗೆ ಇಟ್ಟುಕೊಳ್ಳಬೇಕಾದೀತು ಎಂದು ಕಾರ್ಯದರ್ಶಿ ಗೊಣಗಿದರು, ಆದರೆ ವಿರೋಧಿಸಲಿಲ್ಲ. ಖಾಯಂ ಆಗುವ ಮುಂಚೆ ಒಂದು ವರ್ಷ ಪರೀಕ್ಷೆಯ ಅವಧಿ, ಆಗಾಗ ತಜ್ಞರು ಬಂದು ಪಾಠ ನೋಡತಕ್ಕದ್ದು ಎಂಬ ಷರತ್ತು ಹಾಕಿ ನಿರ್ಣಯ ಬರೆದರು. ತಜ್ಞರನ್ನು ಯಾರೂ ಕೇಳಲಿಲ್ಲ.

ಸಂಜೆ ರಸ್ತೆ ಬದಿಯ ತಂಗುದಾಣದಲ್ಲಿ ಇಬ್ಬರೇ ಬಸ್ಸು ಕಾಯುತ್ತಿದ್ದೆವು. ಅವಳು ನನಗೆ ಧನ್ಯವಾದ ಹೇಳಲು ಎರಡು ಸಲ ಶುರುಮಾಡಿ ಬಿಟ್ಟಳು, ನಾನೂ ನೆರವಾಗಲಿಲ್ಲ. ಆಮೇಲೆ ಫೋನು ಹಚ್ಚಿದಳು. ಘಟ್ಟದ ಕೆಳಗೆ ಸಿಗ್ನಲ್ ಸಿಗುವ ಜಾಗಕ್ಕೆ ಮಗಳು ಓಡಿ ಬರುವವರೆಗೆ ಹಲೋ ಹಲೋ ಎನ್ನುತ್ತ ನಿಂತಳು.

‘ಹೌದು, ಸಿಕ್ತು. ರಜೆ ಮುಗಿದ ಮ್ಯಾಲೆ ನೀನೂ ಇಲ್ಲೇ’ ಎಂದಳು. ಅತ್ತ ಏನೋ ದೀರ್ಘವಾದ ಪ್ರಶ್ನೆ. ‘ಇಲ್ಲ ಪುಟ್ಟಿ, ಮಹಡಿ ಮನೆ ಅಲ್ಲ. ಒಂದೇ ಕೋಣೆ. ಹ್ಞೂಂ, ಇಬ್ಬರಿಗೂ ಸಾಕಾಗ್ತದೆ. ಕಿಟಕಿ ಬದಿ ನಿಂಗೇ’ ಎಂದು ಇನ್ನೂ ನೋಡಿರದ ಕೋಣೆಯಲ್ಲಿ ಜಾಗ ಹಂಚತೊಡಗಿದಳು.