ಹೊಳೆಮತ್ತಿಯ ತೊಗಟೆ

ತವರೂರು ಮೇಲವಂಕಿಗೆ ಹೋಗಿದ್ದ ನಮ್ಮ ಅತ್ತೆ ಹುಕ್ಕೇರಿಗೆ ಮರಳಿದಾಗ ಕೈಚೀಲದ ತುಂಬ ತೊಗಟೆ ತಂದಿದ್ದರು. ಹೊರಗೆ ಬೂದು, ಒಳಗೆ ನಸುಗೆಂಪು. ಹೊಳೆಮತ್ತಿ ಗಿಡದ್ದು. ಹಿಂದಿನ ವರ್ಷವಷ್ಟೇ ಅವರಿಗೆ ಹೃದಯದ ತೊಂದರೆಯಾಗಿ ದವಾಖಾನೆಯಲ್ಲಿದ್ದು ಬಂದಿದ್ದರು. ಊರಲ್ಲಿ ಯಾರೋ, ಎದೆಗೆ ಇದಕ್ಕಿಂತ ದೊಡ್ಡ ಔಷಧವಿಲ್ಲ ಎಂದಿದ್ದರಂತೆ.

ದಿನವೂ ಬೆಳಿಗ್ಗೆ ಕಷಾಯ ಕುದಿಯತೊಡಗಿತು. ಒಂದು ದಿನ ಅವರ ಹಾಸಿಗೆ ಕೊಡವುವಾಗ ದಿಂಬಿನ ಕೆಳಗೆ ಮಾತ್ರೆಯ ಸ್ಟ್ರಿಪ್ಪುಗಳು ಸಿಕ್ಕವು. ಒಂದನ್ನೂ ಒಡೆದಿರಲಿಲ್ಲ.

"ಗುಳಿಗಿ ಬಿಟ್ಟೀರೇನ್ರಿ ಅತ್ತಿ?" ಎಂದೆ.

"ಎಷ್ಟಂತ ನುಂಗೂದವ್ವಾ? ಬಾಯೆಲ್ಲ ಕಹಿ ಆಗ್ತೈತಿ. ಈ ತೊಗಟಿಯೊಳಗ ಎಲ್ಲಾ ಐತಿ."

ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು. ಆದರೂ ಆ ಕ್ಷಣ ಬಾಯಿಗೆ ಬಂದದ್ದು ಪಾಠವಲ್ಲ, ಹೆದರಿಕೆ. ಬೈಯಬಾರದೆಂದು ತಡೆದುಕೊಂಡು, "ಹಂಗಾರ ಅದರಾಗ ಏನೈತಿ ನೋಡೂಣು ಬರ್ರಿ" ಎಂದೆ. ಶನಿವಾರ ತರಗತಿ ಮುಗಿದ ಮೇಲೆ ಅವರನ್ನು ಪ್ರಯೋಗಾಲಯಕ್ಕೆ ಕರೆದುಕೊಂಡು ಹೋದೆ. ಅವರು ಸೆರಗು ಸರಿಮಾಡಿಕೊಂಡು, ದೇವರ ಮನೆಗೆ ಬಂದವರ ಹಾಗೆ ಚಪ್ಪಲಿ ಹೊರಗೆ ಬಿಟ್ಟರು.

ಕಷಾಯವನ್ನು ಗಾಜಿನ ನಳಿಕೆಗೆ ಹಾಕಿ ಜೋರಾಗಿ ಅಲುಗಾಡಿಸಿದೆ. ಮೇಲೆ ನೊರೆ ನಿಂತಿತು. ಸೀಗೆಕಾಯಿ, ಅಂಟುವಾಳದಲ್ಲಿರುವಂಥದೇ ನೊರೆಗುಣ ಇದರಲ್ಲೂ ಇದೆ ಎಂದೆ. ಇನ್ನೊಂದು ನಳಿಕೆಗೆ ಕಬ್ಬಿಣದ ಲವಣದ ಎರಡು ಹನಿ ಬಿಟ್ಟೆ. ಕೆಂಪು ನೀರು ಕಣ್ಣೆದುರೇ ನೀಲಿಗಪ್ಪಾಯಿತು.

"ಅಯ್ಯ, ಮಸಿನ ಆತಲ್ಲ!"

"ಟ್ಯಾನಿನ್ ಅಂತಾರ್ರಿ. ಬಾಯಿ ಒಗರಾಗೂದು ಇದರಿಂದನ. ಚರ್ಮ ಹದ ಮಾಡಾಕ ಜಾಲಿ ತೊಗಟಿ ಹಾಕ್ತಾರಲ್ಲ, ಅದರಾಗೂ ಇದ ಇರತೈತಿ. ಹುಳ, ಬೂಸು ಒಳಗ ಬರಬಾರದಂತ ಗಿಡ ತನ್ನ ಸಲುವಾಗಿ ಇಟಗೊಂಡಿರತೈತಿ."

ತೊಗಟೆ ಸುಟ್ಟ ಬೂದಿಗೆ ಆಮ್ಲ ಬಿಟ್ಟಾಗ ಅದು ಬುಸುಗುಟ್ಟಿತು. ಸುಣ್ಣದ ಅಂಶ ಎಂದೆ. ಹೃದಯಕ್ಕೆ ಬಲ ಕೊಡುವ ಪದಾರ್ಥಗಳೂ ಇರಬಹುದು, ಅದರ ಮೇಲೆ ಓದಿದವರು ಕೆಲಸ ಮಾಡುತ್ತಿದ್ದಾರೆ, ಆದರೆ ಒಂದು ಲೋಟದಲ್ಲಿ ಎಷ್ಟಿದೆ ಎಂದು ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ ಎಂದೆ. ಅತ್ತೆ ಕಪ್ಪು ನೀರನ್ನೇ ನೋಡುತ್ತ ನಿಂತಿದ್ದರು.

"ಅಂದ್ರ ಗಿಡದ ಮೈಮ್ಯಾಲಿನ ಅಂಗಿ ಕಳದು ನಾವು ಕುದಿಸಿ ಕುಡ್ಯಾಕತ್ತೇವಿ" ಎಂದರು ಕೊನೆಗೆ.

ಸಂಜೆ ಡಾಕ್ಟರರ ಬಳಿ ಹೋದೆವು. ಅವರೂ ಬೈಯಲಿಲ್ಲ. ಮಾತ್ರೆ ಬಿಡುವಂತಿಲ್ಲ, ಕಷಾಯ ಸದ್ಯಕ್ಕೆ ಬೇಡ ಎಂದರು. ಅತ್ತೆ ತಲೆಯಾಡಿಸಿದರು. ಆದರೆ ಮನೆಗೆ ಬಂದವರೇ, "ನನಗ ಆ ಗಿಡಾ ನೋಡಬೇಕು" ಎಂದರು. ಅವರಿಗೆ ತೊಗಟೆಯನ್ನು ಬೇರೆಯವರು ತಂದುಕೊಟ್ಟಿದ್ದರು. ಗಿಡವನ್ನು ಇವರು ನೋಡಿರಲಿಲ್ಲ.

ರವಿವಾರ ಗೋಕಾಕಿನಲ್ಲಿ ಬಸ್ಸು ಬದಲಿಸಿ ಮೇಲವಂಕಿಗೆ ಹೋದೆವು. ಗಿಡ ಊರಾಚೆ ಹಳ್ಳದ ದಂಡೆಯಲ್ಲಿ, ವಯಸ್ಸಾದ ಮುಸ್ಲಿಂ ರೈತರೊಬ್ಬರ ಕಬ್ಬಿನ ಹೊಲದ ಬದುವಿನಲ್ಲಿತ್ತು. ಅದರ ಸ್ಥಿತಿ ಇಷ್ಟು ಕೆಟ್ಟಿರುತ್ತದೆಂದು ನಾನು ಎಣಿಸಿರಲಿಲ್ಲ. ನೆಲದಿಂದ ಆಳೆತ್ತರದವರೆಗೆ ಕಾಂಡ ಬೆತ್ತಲೆಯಾಗಿತ್ತು. ಹಳ್ಳದ ಕಡೆಗೆ, ಕೈಗೆ ಎಟುಕದ ಜಾಗದಲ್ಲಿ, ಎರಡು ಗೇಣು ಅಗಲದ ಪಟ್ಟಿ ಮಾತ್ರ ಉಳಿದಿತ್ತು. ಕಲ್ಲೋಳಿ ಕಡೆಯಿಂದಲೂ ಜನ ಗಾಡಿ ಮೇಲೆ ಬಂದು ತೊಗಟೆ ಒಯ್ಯುತ್ತಿದ್ದರಂತೆ.

"ಬ್ಯಾಡ ಅನ್ನಬೇಕಿತ್ತಲ್ಲ ಕಾಕಾ?" ಎಂದು ಹೊಲದಲ್ಲಿದ್ದ ಆ ರೈತರನ್ನು ಕೇಳಿದೆ.

"ಹೆಂಗ ಅನ್ನೂದ್ರಿ ಬಾಯಿ? ಅವ್ವನ ಎದಿ ನೋವು, ಅಪ್ಪನ ಎದಿ ನೋವು ಅಂತ ಬರ್ತಾರ. ಗಿಡದ ಜೀವಾ ದೊಡ್ಡದೋ ಮನಶ್ಯಾಂದೋ ಅಂದ್ರ ನಾ ಏನ ಹೇಳ್ಲಿ?"

ಅತ್ತೆ ಬೋಳು ಕಾಂಡಕ್ಕೆ ಅಂಗೈ ಹಚ್ಚಿದರು. ಕಣ್ಣು ತುಂಬಿತ್ತು. "ಉಳೀತೈತೇನವ್ವಾ ಇದು?"

ಎಲೆ ತಯಾರಿಸಿದ ಅನ್ನ ತೊಗಟೆಯ ಒಳಪದರಿನಲ್ಲೇ ಬೇರಿಗೆ ಇಳಿಯುತ್ತದೆ, ಸುತ್ತಲೂ ಸುಲಿದರೆ ಬೇರು ಉಪವಾಸ ಬೀಳುತ್ತದೆ ಎಂದು ಹೇಳಿದೆ. ಆ ಪಟ್ಟಿ ಉಳಿದರೆ ಗಿಡವೂ ಉಳಿದೀತು. ಮಾತು ಮುಗಿಯುವ ಮೊದಲೇ ಕಾಕಾ ಸೆಗಣಿ ತರಲು ಹೊರಟಿದ್ದರು. ಅತ್ತೆ ಹಳ್ಳದ ಜಿಗುಟು ಮಣ್ಣು ಕಲಸಿದರು. ಮೂವರೂ ಸೇರಿ ಗಾಯಕ್ಕೆ ಮೆತ್ತಿ, ಗೋಣಿತಟ್ಟು ಸುತ್ತಿ ಕಟ್ಟಿದೆವು. ಬದುವಿಗೆ ಜಾಲಿ ಮುಳ್ಳಿನ ಬೇಲಿ ಹಾಕಿದೆವು.

ಅತ್ತೆ ಒಂದು ವಾರ ಮೇಲವಂಕಿಯಲ್ಲೇ, ತಮ್ಮ ಅಣ್ಣನ ಮನೆಯಲ್ಲಿ ಉಳಿದರು. ತೊಗಟೆಗೆ ಬಂದವರನ್ನು ಕೂರಿಸಿ, ನೀರು ಕೊಟ್ಟು ಮಾತಾಡಿಸಿದರಂತೆ. "ನಾನೂ ಎದಿ ರೋಗದಾಕಿನ. ಗುಳಿಗಿ ಬಿಟ್ಟು ಸಾಯತಿದ್ದೆ. ಡಾಕ್ಟರ್ ಕಡೆ ಹೋಗ್ರಿ ಮೊದಲ" ಎನ್ನುತ್ತಿದ್ದರೆಂದು ಕಾಕಾ ಫೋನಿನಲ್ಲಿ ನಕ್ಕು ಹೇಳಿದರು. ಒಬ್ಬಿಬ್ಬರು ಸಿಟ್ಟಾಗಿ ಹೋದರು. ಉಳಿದವರು ತಮ್ಮ ಮನೆಯವರ ಕಷ್ಟ ಹೇಳಿಕೊಂಡು ಹೋದರು.

ಬೇಸಿಗೆಯಲ್ಲಿ ಗಿಡದ ಮೂಡಣ ಭಾಗ ಪೂರ್ತಿ ಒಣಗಿತು. ಕಾಕಾ ಆ ಟೊಂಗೆಗಳನ್ನು ಕಡಿಸಿದರು. ಹಳ್ಳದ ಕಡೆಯ ಅರ್ಧ ಮಾತ್ರ ಮಳೆ ಬಿದ್ದ ಮೇಲೆ ಚಿಗುರಿತು, ಪಟ್ಟಿಯ ಅಂಚಿನಲ್ಲಿ ಹೊಸ ತೊಗಟೆ ಬೆರಳಗಲ ಬೆಳೆದಿತ್ತು. ಅತ್ತೆಯನ್ನು ಕರೆದುಕೊಂಡು ಹೋಗಿ ತೋರಿಸಿದೆ. ಕಾಕಾನ ಸೊಸೆ ಚಹಾ ತಂದಳು. ಗಿಡದ ಅರ್ಧ ನೆರಳಿನಲ್ಲೇ ಕುಳಿತು, ಸಕ್ಕರೆ ಕಡಿಮೆಯಾಯಿತೆಂದು ಗೊಣಗುತ್ತ ಅತ್ತೆ ಎರಡು ಸಲ ಚಹಾ ಹಾಕಿಸಿಕೊಂಡು ಕುಡಿದರು.